ದ್ಯಾಮಕ್ಕನ ಕುರಿಗಳು ಮತ್ತು ರಾಕೆಟ್ ಪಾರ್ಟಿ

ಒಂದೂರಿನಲ್ಲಿ ಮೂವರು ರಾಜಕುಮಾರರಿದ್ದರು, ಅವರು ಹಾಡಿದರೆ ಬೆಟ್ಟದ ಕಲ್ಲೂ ಎದ್ದು ಬರುತ್ತಿತ್ತು ಎಂದು ಕಥೆ ಹೇಳುವ ಅಜ್ಜಿಯರು ಕೊಟ್ಟೂರಿನಲ್ಲಿ ಬೇಕಾದಷ್ಟಿದ್ದರು. ದ್ಯಾಮಕ್ಕ ಅಂಥವಳಲ್ಲ. ಕಲ್ಲು ಇದ್ದಲ್ಲೇ ಇರಲಿ, ಎದ್ದು ಬರಬೇಕಾದ ತನ್ನ ಕುರಿಗಳು ದೊಡ್ಡಿಯಿಂದ ಮೂವತ್ತು ಹೆಜ್ಜೆ ಆಚೆ ನಿಂತು ಮೆಲುಕು ಹಾಕುತ್ತಿದ್ದವಲ್ಲ, ಅದು ಅವಳ ತಲೆನೋವು.

ಕೊಟ್ಟೂರಿನ ಈಗಿನ ರಾಜಕುಮಾರರ ತಪ್ಪು ಅದು. ಹೋದ ವರ್ಷ ಮೆಕ್ಯಾನಿಕ್ ಓಣಿಯವರು ಗದ್ದಲ ತಾಳದೆ ಈ ಮೂವರು ಹಾಡುವ ಹುಡುಗರನ್ನು ಅಟ್ಟಿದಾಗ, ಮೊಮ್ಮಗ ಬಂಗಾರಪ್ಪನ ಮುಖ ನೋಡಿ ದ್ಯಾಮಕ್ಕ ಊರಾಚೆಯ ದೊಡ್ಡಿ ಬಿಟ್ಟುಕೊಟ್ಟಿದ್ದಳು. ಬಂಗಾರಪ್ಪನ ಡ್ರಮ್ಮು, ಉಜ್ಜಿನಪ್ಪನ ಗಂಟಲು, ನೂರಸಾಬನ ಗಿಟಾರು. ನೂರಸಾಬನ ಅಣ್ಣ ದುಬೈಯಿಂದ ಕಳಿಸಿದ ಕ್ಯಾಸೆಟ್ಟು ಕೇಳಿ ಕೇಳಿ ಅವರು ಕಲಿತದ್ದು. ಹಳೆಯ ರೇಡಿಯೋ ಬಿಚ್ಚಿ ನೂರಸಾಬನೇ ಮೈಕಿನ ಪೆಟ್ಟಿಗೆ ಮಾಡಿದ್ದ. ದಿನಾ ಸಂಜೆ ದ್ಯಾಮಕ್ಕ ಹುರುಳಿ ಹೊಟ್ಟು ಸುರಿಯುವ ಹೊತ್ತಿಗೇ ಇವರ ಅಭ್ಯಾಸ ಶುರುವಾಗುತ್ತಿತ್ತು. ಆರು ತಿಂಗಳಿಗೆ ರಾಕೆಟ್ ಪಾರ್ಟಿ ಎಂಬ ಅವರ ಮೇಳದ ಹೆಸರು ಕೂಡ್ಲಿಗಿ, ಕಾನಹೊಸಹಳ್ಳಿ ದಾಟಿತು. ಹಡಗಲಿಯ ಹುಡುಗಿಯರು ಕಾಗದ ಬರೆದರು. ಹದಿನೇಳರ ಹುಡುಗರು ಬಣ್ಣದ ಕನ್ನಡಕ ಹಾಕಿಕೊಂಡರು, ದೊಡ್ಡಿ ಮರೆತರು.

ಕುರಿಗಳು ಮರೆಯಲಿಲ್ಲ. ಆ ಸದ್ದಿಲ್ಲದೆ ಒಳಗೆ ಕಾಲಿಡಲೊಲ್ಲವು. ಹೊಟ್ಟು ತೋರಿಸಿದ್ದಾಯಿತು, ಕೋಲು ಬೀಸಿದ್ದಾಯಿತು. ಹೋದ ವಾರ ಹೊರಗುಳಿದ ಎರಡು ಮರಿಗಳನ್ನು ತೋಳ ಒಯ್ದಿತ್ತು. ಬಂದು ಸರಿ ಮಾಡಿಕೊಡುತ್ತೇವೆ ಎಂದು ಹುಡುಗರು ಮಾತು ಕೊಟ್ಟು ನಾಲ್ಕು ಸೋಮವಾರ ಕಳೆದಿತ್ತು. ಇವತ್ತು ಮಧ್ಯಾಹ್ನ ದ್ಯಾಮಕ್ಕ ನೂರಸಾಬನ ಅಪ್ಪನ ಗ್ಯಾರೇಜಿಗೇ ಹೋಗಿ ರಾತ್ರಿಯ ಹರಪನಹಳ್ಳಿ ಕಾರ್ಯಕ್ರಮಕ್ಕೆ ತೆಗೆದಿಟ್ಟ ಡ್ರಮ್ಮಿನ ಮೇಲೆ ಕುಂತುಬಿಟ್ಟಿದ್ದಳು.

"ನನ್ನ ಕುರಿ ಒಳಗ ಹೋಗೋತನಕ ನಾ ಏಳಂಗಿಲ್ಲ. ಹರಪನಹಳ್ಳಿಗೆ ನನ್ನೂ ಕೂಡೇ ಹೊತ್ಕೊಂಡು ಹೋಗ್ರಿ."

ಹೀಗಾಗಿ ಹುಡುಗರು ಮೈಕಿನ ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ದೊಡ್ಡಿಗೆ ಬಂದಿದ್ದರು. ಏಳು ಗಂಟೆಗೆ ಹರಪನಹಳ್ಳಿ ಬಸ್ಸು. ಉಜ್ಜಿನಪ್ಪನಿಗೆ ಮಾತ್ರ ಒಳಗೊಳಗೇ ಹೆಮ್ಮೆ.

"ನೋಡಜ್ಜಿ, ನಮ್ ಹಾಡಂದ್ರ ಕುರಿಗೂ ಜೀವ."

"ಹಾಡಪ್ಪ, ಹಾಡು. ಹೊತ್ತು ಮುಣಗಾಕ ಹತ್ತೈತಿ."

ಮೈಕಿನ ತಂತಿ ಎಲ್ಲೋ ಸಡಿಲಾಗಿತ್ತು. ನೂರಸಾಬ ಅದನ್ನು ಬಿಚ್ಚಿ ಕುಂತಾಗ, ತಡಮಾಡದೆ ಉಜ್ಜಿನಪ್ಪ ಬರಿಗಂಟಲಲ್ಲೇ ಎತ್ತಿದ. ಹಡಗಲಿಯಲ್ಲಿ ಮೂರು ಸಲ ಹಾಡಿಸಿದ ಹಾಡು. ಕುರಿಗಳು ಮೆಲುಕು ಹಾಕಿದವು. ಬಂಗಾರಪ್ಪ ಬೆವರು ಹರಿಯುವಂತೆ ಬಾರಿಸಿದ. ಒಂದು ಟಗರು ತಿರುಗಿ ನೋಡಿ ಉಚ್ಚೆ ಹೊಯ್ದಿತು. ಅಷ್ಟರಲ್ಲಿ ತಂತಿ ಕೂಡಿಸಿದ್ದ ನೂರಸಾಬ ಗಿಟಾರು ಎತ್ತಿಕೊಂಡು ತನಗೆ ಬಂದದ್ದೆಲ್ಲ ನುಡಿಸಿದ. ಏನೂ ಆಗಲಿಲ್ಲ. ದ್ಯಾಮಕ್ಕ ಸೆರಗು ಕೊಡವಿ, ಈ ಮೂವರನ್ನು ಹೆತ್ತವರಿಗೆಲ್ಲ ಒಬ್ಬೊಬ್ಬರಾಗಿ ಬೈದಳು.

"ಮೈಕಿನ್ಯಾಗ ಹಾಡಿದ್ರ ಬರ್ತಾವಜ್ಜಿ, ತಡಿ," ಎಂದು ಉಜ್ಜಿನಪ್ಪ ಮೈಕು ಕಸಿದುಕೊಂಡ. ರೂಢಿಯಂತೆ ಬೆರಳಿನಿಂದ ಎರಡು ಸಲ ತಟ್ಟಿದ.

"ಹಲೋ, ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ."

ಅಷ್ಟೂ ಕುರಿಗಳು ಒಮ್ಮೆಲೇ ತಲೆ ಎತ್ತಿದವು. ಮುಂದಿನದು ನಾಲ್ಕು ಹೆಜ್ಜೆ ಬಂದು ನಿಂತಿತು. ಉಜ್ಜಿನಪ್ಪ ಹುರುಪಿನಿಂದ ಹಾಡು ಶುರುಮಾಡಿದ. ಅವು ಅಲ್ಲೇ ನಿಂತವು.

ಬಂಗಾರಪ್ಪನಿಗೆ ಮೊದಲು ಹೊಳೆಯಿತು. ಅಭ್ಯಾಸಕ್ಕೆ ಮುಂಚೆ ದಿನಾ ಇದೇ ಮಾತು, ಆಗಲೇ ಹೊಟ್ಟು ಬೀಳುತ್ತಿದ್ದದ್ದು. ಹಾಡು ಬರುವಷ್ಟರಲ್ಲಿ ಅವು ತಿಂದು ಮುಗಿಸಿರುತ್ತಿದ್ದವು. ಅವನು ಅಜ್ಜಿಗೆ ಮೆಲ್ಲಗೆ ಹೇಳಿದ. ಉಜ್ಜಿನಪ್ಪ ಬಣ್ಣದ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ.

"ಹಂಗಾರ ನೀವು ದಿನಾ ಬರೋದು ಬ್ಯಾಡ," ಎಂದಳು ದ್ಯಾಮಕ್ಕ. "ಅದೇನಂತೀರಿ, ನನಗ ಹೇಳಿಕೊಡ್ರಿ."

ನೂರಸಾಬ ಬಿಡಿಸಿ ಬಿಡಿಸಿ ಹೇಳಿದ. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ನಾಲಿಗೆಗೆ ಕೂತಿತು. ಅವನು ಬ್ಯಾಟರಿಯ ತಂತಿ ಕಳಚಿದ. ದ್ಯಾಮಕ್ಕ ಹೊಟ್ಟಿನ ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಸತ್ತ ಗಂಡನನ್ನು ಅವನಿದ್ದಾಗ ಉಣ್ಣಲು ಕರೆಯುತ್ತಿದ್ದ ದನಿಯಲ್ಲಿ ಕರೆದಳು.

"ಹಲೋ... ಹಲೋ... ಮೈಕು ಟೇಸ್ಟಿಂಗೂ..."

ಮುಂದಿನ ಕುರಿ ಹೊರಟಿತು. ಅದರ ಹಿಂದೆ ಉಳಿದವು, ಧೂಳೆಬ್ಬಿಸುತ್ತ, ಹುಡುಗರ ಕಾಲು ಸವರಿಕೊಂಡು, ನೆಲಕ್ಕಿಟ್ಟ ಗಿಟಾರನ್ನು ದಾಟಿಕೊಂಡು ಒಳಗೆ ನಡೆದವು. ಕೊನೆಯ ಮರಿ ಒಳಗಾದ ಮೇಲೆ ದ್ಯಾಮಕ್ಕ ಮುಳ್ಳಿನ ಬಾಗಿಲು ಎಳೆದು ಹಗ್ಗ ಬಿಗಿದಳು.