ಕೈ ಕಟ್ಟಿ ಓದುವವಳ ಲ್ಯಾಪ್‌ಟಾಪ್

"ನನ್ನ ಲ್ಯಾಪ್‌ಟಾಪ್ ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ಹೋಯ್ತು, ಎಲ್ಲಾ ನೀರಲ್ಲಿ ಹೋಮ!"

"ನೀನು ಸುಮ್ನೆ ಕೂತಿದ್ದೆ, ಅದು ಮಲಗ್ತು. ಅದರದ್ದೇನ್ ತಪ್ಪು?"

"ಸುಮ್ನೆ ಕೂತಿದ್ನಾ? ಹನ್ನೆರಡು ವರ್ಷದಿಂದ ಸುಮ್ನೆ ಕೂತಿದ್ನಾ ನಾನು?"

(ಹೀಗೆ ಶುರು ಮಾಡಬಹುದೇ? ಮೊದಲ ಕರಡಿನಲ್ಲಿ ಲ್ಯಾಪ್‌ಟಾಪಿನ ವರ್ಣನೆಯೇ ಒಂದು ಪುಟವಿತ್ತು. ಓದಿ ನನಗೇ ಆಕಳಿಕೆ ಬಂತು, ಹರಿದೆ. ಜಗಳವಾದರೆ ನೀವು ಕಿವಿಯನ್ನಾದರೂ ಕೊಡುತ್ತೀರಿ.)

೧. ಅವಳು ಕರಡು ತಿದ್ದುವವಳು. ಮನೆಯಲ್ಲೇ ಬಿಡಿ ಕೆಲಸ ಮಾಡಿ ಮಾಡಿ ಸಾಕಾಗಿ, ಇವತ್ತು ಒಂದು ಪ್ರಕಾಶನದ ಕಾಯಂ ಕೆಲಸಕ್ಕೆ ಆನ್‌ಲೈನ್ ಪರೀಕ್ಷೆಗೆ ಕೂತಿದ್ದಳು. ಎರಡು ಗಂಟೆ, ಒಂದೇ ಅವಕಾಶ. ನಡುವೆ ಸಂಪರ್ಕ ಕಡಿದರೆ ಮುಗಿದಂತೆ.

೨. ಗಂಡ ಮನೆಮನೆಯ ಕರೆಂಟ್ ಮೀಟರ್ ನೋಡುವವನು. ಹಗಲಲ್ಲಿ ಬಲ್ಬು ಉರಿದರೆ ಅವನ ಹೊಟ್ಟೆಯೂ ಉರಿಯುತ್ತದೆ. ನಿನ್ನೆ ಅವಳಿಗೆ ಹೇಳದೆ ಅವಳ ಲ್ಯಾಪ್‌ಟಾಪಿಗೆ ಪವರ್ ಸೇವರ್ ಹಾಕಿದ. ಚಾರ್ಜರ್ ಚುಚ್ಚಿದ್ದರೂ ಸರಿ, ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಮಲಗಿಬಿಡಲಿ ಎಂದು ಹೊಂದಿಸಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

೩. ಅವಳು ಓದುವುದು ಕೈ ಕಟ್ಟಿಕೊಂಡು. ಮೊದಲು ಮೇಲಿಂದ ಕೆಳಕ್ಕೆ, ಆಮೇಲೆ ಕೊನೆಯ ಸಾಲಿಂದ ಮೇಲಕ್ಕೆ. ಆಮೇಲೆಯೇ ಕೀಬೋರ್ಡಿಗೆ ಬೆರಳು. ಮುಟ್ಟುತ್ತ ಓದಿದರೆ ಕಣ್ಣು ತಪ್ಪುಗಳನ್ನು ಹಾರಿಸುತ್ತದಂತೆ. ಆರು ಪುಟ ಸಲೀಸಾಗಿ ಸಾಗಿತು. ಏಳನೆಯದು ತಪ್ಪುಗಳ ಗೂಡು, ನಾಲ್ಕು ನಿಮಿಷವಾದರೂ ಬೇಕಿತ್ತು. ಮೂರಕ್ಕೇ ಪರದೆ ಕಪ್ಪಾಯಿತು. ಎಬ್ಬಿಸುವಷ್ಟರಲ್ಲಿ ಪರೀಕ್ಷೆ ಮುಚ್ಚಿತ್ತು.

೪. ಅಂತ್ಯ ಒಂದು: ಗಂಡ ಕ್ಷಮೆ ಕೇಳುತ್ತಾನೆ. ಬರೆದ ಕೂಡಲೇ ಅವನು ನನ್ನ ಮೇಲೆ ಎಗರಿದ. "ಏನ್ರೀ ಕಥೆಗಾರ್ರೇ, ಕರೆಂಟ್ ಉಳಿಸಿದ್ದಕ್ಕೂ ಕ್ಷಮೆನಾ? ನಾಳೆ ಉಸಿರಾಡಿದ್ದಕ್ಕೂ ಕೇಳಿಸ್ತೀರಿ!" ಆ ಅಂತ್ಯವನ್ನೇ ಹೊಡೆದುಹಾಕಿದೆ.

ಅಂತ್ಯ ಎರಡು: ಪ್ರಕಾಶನದವರೇ ಫೋನ್ ಮಾಡಿ ಇನ್ನೊಂದು ಅವಕಾಶ ಕೊಡುತ್ತಾರೆ. ಅವಳು ಗುರಾಯಿಸಿದಳು. "ಯಾರಣ್ಣಾ ಹಾಗೆ ಫೋನ್ ಮಾಡ್ತಾರೆ? ಅದಕ್ಕೇ ನಿಮ್ಮ ಕಥೆ ಯಾರೂ ಓದಲ್ಲ. ಅಲ್ದೆ ಮೂರನೇ ನಂಬರಲ್ಲಿ ಪಕ್ಕಪಕ್ಕದಲ್ಲೇ ಎರಡು 'ಆಮೇಲೆ' ಇದೆ, ನೋಡ್ಕೊಳ್ಳಿ."

(ನೋಡಿದೆ. ಇದೆ. ದರಿದ್ರ.)

೫. ಮೂರನೆಯ ಅಂತ್ಯಕ್ಕೆ ಅವಳು ಕಾಯಲಿಲ್ಲ. ಕನ್ನಡಕದ ಡಬ್ಬಿ, ಎರಡು ಕೆಂಪು ಪೆನ್ನು ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಪ್ರಕಾಶನಕ್ಕೆ. ಪರೀಕ್ಷೆ ಕಾಗದದ ಮೇಲೆ ಕೊಡಿ ಅಂತ ಕೇಳ್ತೀನಿ. ಕೊಡದಿದ್ರೆ ಅವರ ಹತ್ರನೂ ಜಗಳ."

"ಬರೋದ್ ಯಾವಾಗ?"

ಬಾಗಿಲು ಧಡಾರೆಂದಿತು.

ಅವನು ಈಗ ನನ್ನ ಪಕ್ಕದಲ್ಲೇ ಕೂತಿದ್ದಾನೆ. "ಸಂಜೆಗೆ ಬಂದ್ಲು ಅಂತ ಒಂದು ಸಾಲು ಹಾಕಿ ಮಾರಾಯ್ರೇ. ನಿಮ್ಮ ಕೈಯಲ್ಲೇ ಇದೆಯಲ್ಲ." ನಾಲ್ಕು ಸಲ ಹಾಕಿದೆ. ನಾಲ್ಕು ಸಲವೂ ಸಾಲು ಬಂತು, ಅವಳು ಬರಲಿಲ್ಲ.

ಓದುಗರೇ, ನನ್ನ ಮುಖ ನೋಡಬೇಡಿ. ಎಲ್ಲಾದರೂ ಸಿಕ್ಕರೆ ನೀವೇ ಕರೆದು ನೋಡಿ. ಈ ಗಂಡನನ್ನು ಅವಳ ಕೊರಳಿಗೆ ಕಟ್ಟಿದವನು ನಾನು. ಯಾವ ಬಾಯಲ್ಲಿ ಕರೆಯಲಿ?