ಟಿಕ್ ಇಲ್ಲದ ಸಾಲು

ದಣಿವು ನನಗೆ ಹೊಸದಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಮುತ್ತ ನಮ್ಮ ಟ್ರಸ್ಟಿನ ಹನ್ನೊಂದು ಶಾಲೆಗಳಿವೆ. ಹನ್ನೊಂದರ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವವಳು ನಾನೊಬ್ಬಳೇ. ಹೆಸರು ಶಿವರಂಜನಿ, ಕೆಲಸ ಕಾಂಟ್ರಾಕ್ಟಿನದು, ಕಚೇರಿ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಖೋಲಿ. ಮಾನಿಟರ್ ಕೆಟ್ಟರೂ ನನಗೇ ಫೋನು, ಫ್ಯಾನ್ ಕೆಟ್ಟರೂ ನನಗೇ ಫೋನು. ಫ್ಯಾನಿಗೂ ನನಗೂ ಏನು ಸಂಬಂಧ ಎಂದು ಕೇಳುವುದನ್ನು ಎರಡನೇ ವರ್ಷಕ್ಕೇ ಬಿಟ್ಟುಬಿಟ್ಟೆ.

ಈ ಸಲ ಬೇಸಿಗೆ ರಜೆಯಲ್ಲಿ ಎಲ್ಲ ಶಾಲೆಗಳ ಮಷೀನುಗಳಿಗೂ ಹಳೆಯ ವ್ಯವಸ್ಥೆ ಅಳಿಸಿ ಲಿನಕ್ಸ್ ಹಾಕಬೇಕೆಂದು ತೀರ್ಮಾನವಾಯಿತು. ನಾನು ಪೆನ್‌ಡ್ರೈವ್ ತಯಾರಿಸಿ ಕಳಿಸುವುದು, ಆಯಾ ಶಾಲೆಯ ಲ್ಯಾಬ್ ಮಾಸ್ತರು ಅದನ್ನು ಚುಚ್ಚಿ ಹಾಕಿಕೊಳ್ಳುವುದು. ಹಾಕುವಾಗ ಪರದೆಯ ಮೇಲೆ ಒಂದು ಪುಟ ಬರುತ್ತದೆ. ಅದರಲ್ಲಿ ಪ್ರೋಗ್ರಾಂಗಳು ಗುಂಪುಗುಂಪಾಗಿ ಇರುತ್ತವೆ: ಕನ್ನಡ ಟೈಪಿಂಗ್, ಆಫೀಸ್ ಕೆಲಸ, ಗಣಿತ-ವಿಜ್ಞಾನ, ಚಿತ್ರ ಬಿಡಿಸುವುದು, ಕೊನೆಯ ಸಾಲಿನಲ್ಲಿ ಮಾತನಾಡುವ ಪರದೆ. ಈ ಕೊನೆಯದು ಕಣ್ಣು ಕಾಣದವರಿಗಾಗಿ. ಪರದೆಯ ಮೇಲೆ ಇರುವುದನ್ನೆಲ್ಲ ಮಷೀನೇ ಓದಿ ಹೇಳುತ್ತದೆ. ಬೇಕಾದ ಗುಂಪಿಗೆ ಟಿಕ್ ಹೊಡೆಯಬೇಕು, ಬೇಡದ್ದನ್ನು ಬಿಡಬೇಕು. ಆ ಪುಟದ ಹಿಂದೆ ಒಂದು ಫೈಲ್ ಇರುತ್ತದೆ. ಯಾವ ಗುಂಪಿಗೆ ಮೊದಲೇ ಟಿಕ್ ಇರಬೇಕು, ಯಾವುದಕ್ಕೆ ಇರಬಾರದು, ಯಾವ ಟಿಕ್ಕನ್ನು ಯಾರೂ ತೆಗೆಯಲು ಬರಬಾರದು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಬರೆದವಳು ನಾನು.

ನಮ್ಮ ಆಫೀಸರು ಅಶೋಕಕುಮಾರ. ಒಳ್ಳೆಯ ಮನುಷ್ಯರೇ, ಆದರೆ ಕಲಬುರಗಿಯ ಹೆಡ್ ಆಫೀಸಿನ ಹೆಸರು ಬಂದರೆ ಕುಳಿತ ಕುರ್ಚಿಯಿಂದ ಅರ್ಧ ಏಳುತ್ತಾರೆ. ಒಂದು ಮಷೀನಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು, ಮೇಲಿನವರು ಕೇಳುತ್ತಾರೆ ಎಂದು ಅವರು ಹೇಳಿದ್ದರು. ನಾನು ಹಾಕಿ ನೋಡಿದರೆ ಇಪ್ಪತ್ನಾಲ್ಕು ಹಿಡಿಯಿತು. ಒಂದೊಂದೇ ಗುಂಪು ಬಿಟ್ಟು ನೋಡಿದೆ. ಮಾತನಾಡುವ ಪರದೆ ಬಿಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಅವತ್ತು ಸೇಡಂನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ, ಪಾದ ಬಾತಿದ್ದವು. ಬೇಕಾದವರು ಟಿಕ್ ಹೊಡೆದುಕೊಳ್ಳಲಿ ಎಂದುಕೊಂಡು ಆ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದೆ. ಬರೆದು ಕೆಳಗಿಳಿದು ಚಹಾ ಕುಡಿದೆ.

ಈ ಸೀಮೆಯಲ್ಲೇ ಹುಟ್ಟಿದವಳಿಗೆ ಒಂದು ಮಾತು ಗೊತ್ತಿರಬೇಕಿತ್ತು. ನಮ್ಮಲ್ಲಿ ಮೇಲಿನಿಂದ ಬಂದದ್ದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಕೊಡ್ಲಿ ಶಾಲೆಗೆ ಕಳಿಸಿದ ಒಂದು ಟೇಬಲಿನ ಕಾಲು ಮುರಿದು ವರ್ಷವಾಯಿತು. ರಿಪೇರಿ ಮಾಡಿಸಿ ಎಂದು ಪತ್ರ ಬರಲಿ ಅಂತ ಅದರಡಿ ಇಟ್ಟಿಗೆ ಇಟ್ಟು ಕೂತಿದ್ದಾರೆ. ಅಂಥವರು ಟಿಕ್ ಹೊಡೆಯುತ್ತಾರೆಯೇ? ಹನ್ನೊಂದು ಶಾಲೆಯವರೂ ಮುಂದೆ, ಮುಂದೆ ಎಂದು ಒತ್ತಿಕೊಂಡು ಹೋದರು. ಇದ್ದ ಟಿಕ್ಕನ್ನು ಯಾರೂ ತೆಗೆಯಲಿಲ್ಲ, ಇಲ್ಲದ್ದನ್ನು ಯಾರೂ ಹೊಡೆಯಲಿಲ್ಲ.

ಜುಲೈ ತಿಂಗಳ ಒಂದು ಬುಧವಾರ ವಾಡಿಯಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಶಾಲೆಯಲ್ಲಿ ಇತಿಹಾಸ ಕಲಿಸುವ ವೃಂದಾ ಟೀಚರ್. ಹನ್ನೆರಡನೇ ವಯಸ್ಸಿನಲ್ಲಿ ಅವರ ದೃಷ್ಟಿ ಹೋಗಿದೆ. ಎರಡು ವರ್ಷದಿಂದ ಟೆಂಪರರಿ ಇದ್ದಾರೆ. ನಮ್ಮ ಟ್ರಸ್ಟಿನಲ್ಲಿ ಕಂಪ್ಯೂಟರ್ ಪರೀಕ್ಷೆ ಪಾಸಾದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಪರೀಕ್ಷೆ ಬರುವ ಶನಿವಾರವೇ ಇತ್ತು. ಲಿನಕ್ಸ್ ಹಾಕುವ ಮೊದಲು ಮಷೀನಿನಲ್ಲಿ ಓದಿ ಹೇಳುವ ವ್ಯವಸ್ಥೆ ಇತ್ತಂತೆ, ಅದರಲ್ಲೇ ಎಲ್ಲ ಕಲಿತಿದ್ದರಂತೆ. ಪಠ್ಯಪುಸ್ತಕದ ಗಂಟುಗಳನ್ನು ಇಟ್ಟು ಲ್ಯಾಬಿಗೆ ಬೀಗ ಹಾಕಿದ್ದರಿಂದ ಇಷ್ಟು ದಿನ ಗೊತ್ತಾಗಿರಲಿಲ್ಲ. ಇವತ್ತು ಬೀಗ ತೆಗೆದು ಕುಳಿತರೆ ಯಾವ ಮಷೀನೂ ಬಾಯಿ ಬಿಡುತ್ತಿಲ್ಲ.

ನನಗೆ ಕಿರಿಕಿರಿಯಾಯಿತು. ಅವತ್ತು ಅದು ಏಳನೇ ಫೋನು. ಹಾಕುವಾಗಲೇ ಆ ಸಾಲಿಗೆ ಟಿಕ್ ಹೊಡೆಯಬೇಕಿತ್ತಲ್ಲ ಟೀಚರ್ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ಹೊಡಿತಿದ್ದೆ ರಿ ಮೇಡಂ,” ಅಂದರು ಅವರು. “ಆದ್ರ ಆ ಸಾಲು ಅಲ್ಲಿ ಅದ ಅಂತ ನನಗ ಓದಿ ಹೇಳೋರ್ ಯಾರು? ಮಷೀನ್ ಮಾತಾಡ್ಬೇಕಂದ್ರ ಮೊದ್ಲ ಟಿಕ್ ಬೀಳ್ಬೇಕು. ಟಿಕ್ ಹೊಡಿಬೇಕಂದ್ರ ಕಣ್ಣ ಬೇಕು.”

ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಈ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಭಾಳ ನಾಚಿಕೆಯಾಯಿತು.

ಮರುದಿನ ಸೇಡಂ ತನಕ ಬಸ್ಸು, ಅಲ್ಲಿಂದ ರೈಲು ಹಿಡಿದು ವಾಡಿಗೆ ಹೋದೆ. ಕಿಟಕಿ ಮುಚ್ಚಿದ್ದರೂ ಲ್ಯಾಬಿನ ಕೀಬೋರ್ಡುಗಳ ಮೇಲೆ ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕೂತಿತ್ತು. ಲ್ಯಾಬ್ ಮಾಸ್ತರು ನಂದಕಿಶೋರ್ ಮೆತ್ತಗಿನ ಮನುಷ್ಯ, ಒರೆಸಿ ಒರೆಸಿ ಕೊಟ್ಟರು. ಆ ಸಾಲು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ. ಬಿದ್ದಿತ್ತಂತೆ. ನೋಡಿದ ಕೂಡಲೇ ವೃಂದಾ ಟೀಚರ್ ನೆನಪಾದರಂತೆ. ಮೌಸನ್ನು ಅಲ್ಲಿಯ ತನಕ ಒಯ್ದಿದ್ದರಂತೆ ಕೂಡ.

“ಮ್ಯಾಲಿಂದ ಟಿಕ್ ಇಲ್ದಂಗ ಬಂದಿತ್ರಿ ಮೇಡಂ,” ಅಂದರು. “ನಾ ಹಾಕಿ ಏನರ ಕೆಟ್ರ, ನಿನಗ ಹಾಕಂತ ಹೇಳಿದವ್ರ್ ಯಾರು ಅಂತ ಕೇಳ್ತಾರ.”

ಸಿಟ್ಟು ನೆತ್ತಿಗೇರಿತು. ಯಾವ ಮೇಲೆ, ಯಾರು ಮೇಲೆ ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವರು ಹೇಳುತ್ತಿದ್ದ ಮೇಲಿನವಳು ನಾನೇ. ಬಟ್ಟೆ ಅಂಗಡಿಯ ಮೇಲೆ ಬಾತ ಕಾಲು ಚಾಚಿಕೊಂಡು ಕೂತವಳು.

ಇಪ್ಪತ್ತು ಮಷೀನುಗಳಿದ್ದವು. ಬಾಗಿಲ ಹತ್ತಿರದ ಮೊದಲನೇ ಮಷೀನಿಗೆ ಮಾತನಾಡುವ ಪರದೆ ಹಾಕಿ ಮುಗಿಸಿದೆ. ವೃಂದಾ ಟೀಚರ್ ಹೆಡ್‌ಫೋನ್ ಹಾಕಿಕೊಂಡು ಕುಳಿತರು. ಬೆರಳು ಸರಸರ ಓಡಿದವು, ಮುಖ ಅರಳಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಗಳು ಯಾವಾಗಲೋ ಸತ್ತಿದ್ದವು. ನಾಲ್ಕು ಗಂಟೆ ತನಕ ಕಾದೆವು, ಕರೆಂಟ್ ಬರಲಿಲ್ಲ.

ನಾನು ಚೀಲ ಹೆಗಲಿಗೇರಿಸಿದಾಗ ವೃಂದಾ ಟೀಚರ್ ಎಲ್ಲ ಮಷೀನಿಗೂ ಹಾಕಿ ಹೋಗಿ ಎಂದು ಕೇಳಿದರು. ಪರೀಕ್ಷೆಯಲ್ಲಿ ತನಗೆ ಇದೇ ಮಷೀನು ಸಿಗುತ್ತದೆ ಎಂದು ಏನು ಗ್ಯಾರಂಟಿ ಅಂದರು. ನಾನೇ ಖುದ್ದು ಕೂಡ್ರಿಸುತ್ತೇನೆ ಎಂದು ನಂದಕಿಶೋರ್ ಮಾತು ಕೊಟ್ಟರು. ವಾಡಿಯ ಕ್ವಾರ್ಟರ್ಸಿನಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ರಾತ್ರಿ ಅಲ್ಲಿ ಉಳಿದು, ಬೆಳಿಗ್ಗೆ ಕರೆಂಟ್ ಬಂದಮೇಲೆ ಉಳಿದದ್ದೆಲ್ಲ ಮುಗಿಸಿ ಹೋಗಬಹುದಿತ್ತು. ಆದರೆ ಮೈ ಒಲ್ಲೆ ಅಂದಿತು. ಒಂದಾದರೆ ಸಾಕು ಟೀಚರ್ ಎಂದು ಹೇಳಿ ರೈಲು ಹತ್ತಿದೆ. ಇದಕ್ಕೆ ಬೇರೆ ಕಾರಣವೇನೂ ಇಲ್ಲ, ದಣಿದಿದ್ದೆ ಅಷ್ಟೇ.

ಶನಿವಾರ ಮಧ್ಯಾಹ್ನ ನಂದಕಿಶೋರ್ ಫೋನ್ ಮಾಡಿದರು. ಪರೀಕ್ಷೆ ನಡೆಸಲು ಹೊರಗಿನಿಂದ ಬಂದ ಮೇಲ್ವಿಚಾರಕರು ಪಟ್ಟಿ ಹಿಡಿದುಕೊಂಡೇ ಬಂದಿದ್ದರಂತೆ. ಅದರಲ್ಲಿ ವೃಂದಾ ಟೀಚರ್‌ಗೆ ಹದಿನಾಲ್ಕನೇ ಮಷೀನು. ನಂದಕಿಶೋರ್ ಎರಡು ಸಲ ಹೇಳಿ ನೋಡಿದರು. ಪಟ್ಟಿ ಬದಲಿಸುವ ಅಧಿಕಾರ ತನಗಿಲ್ಲ ಎಂದು ಮೇಲ್ವಿಚಾರಕರು ಕೈ ಆಡಿಸಿಬಿಟ್ಟರು. ಆಗ ವೃಂದಾ ಟೀಚರ್ ಹದಿನಾಲ್ಕರಿಂದ ಎದ್ದು, ಬೆಂಚಿನ ಅಂಚು ಮುಟ್ಟುತ್ತ ಬಾಗಿಲ ತನಕ ನಡೆದು, ಮೊದಲನೇ ಮಷೀನಿನ ಮುಂದೆ ಕುಳಿತುಬಿಟ್ಟರಂತೆ. ಅಲ್ಲಿದ್ದವರು ಅಷ್ಟರಲ್ಲಿ ತಾವಾಗಿ ಎದ್ದು ಜಾಗ ಕೊಟ್ಟಿದ್ದರಂತೆ. ಮೇಲ್ವಿಚಾರಕರು ಮೂರು ಸಲ ಏಳಿ ಅಂದರೂ ಏಳದೆ ಪೂರ್ತಿ ಪರೀಕ್ಷೆ ಬರೆದು ಮುಗಿಸಿದರು. ಮೇಲ್ವಿಚಾರಕರು ‘ನಿಗದಿತ ಸ್ಥಾನ ಬದಲಿಸಿ ಅಶಿಸ್ತು ತೋರಿದ್ದಾರೆ’ ಎಂದು ವರದಿ ಬರೆದರು. ಫಲಿತಾಂಶ ತಡೆಹಿಡಿದರು. ಆ ಸೌಲಭ್ಯ ಒಂದೇ ಮಷೀನಿನಲ್ಲಿ ಏಕಿತ್ತು ಎಂದು ನಮ್ಮ ಕಚೇರಿಯಿಂದ ಬುಧವಾರದೊಳಗೆ ಕಲಬುರಗಿಗೆ ಕಾರಣ ಹೋಗದಿದ್ದರೆ ಟೀಚರ್ ಬರೆದ ಪರೀಕ್ಷೆಯೇ ರದ್ದು.

ಸೋಮವಾರ ಕಚೇರಿಗೆ ಹೋಗುವಷ್ಟರಲ್ಲಿ ಅಶೋಕಕುಮಾರರು ಉತ್ತರ ಟೈಪ್ ಮಾಡಿಸಿ ಇಟ್ಟಿದ್ದರು. ‘ತಾಂತ್ರಿಕ ಕಾರಣಗಳಿಂದ’ ಎಂದು ಶುರುವಾಗಿ ‘ತಾಂತ್ರಿಕ ಕಾರಣಗಳಿಂದ’ ಎಂದೇ ಮುಗಿಯುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಓದಿದರೆ ಯಾರದೂ ತಪ್ಪಿಲ್ಲ. ಯಾರದೂ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಎದ್ದು ಹೋಗಿ ಬೇರೆ ಕಡೆ ಕುಳಿತವರ ತಪ್ಪೊಂದೇ. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆದೆ. ಮಾತನಾಡುವ ಪರದೆಯ ಗುಂಪಿಗೆ ಟಿಕ್ ಇಲ್ಲದಂತೆ ಮಾಡಿದವಳು ನಾನು, ಸಮಯ ಉಳಿಸಲು ಮಾಡಿದೆ. ಆಮೇಲೆ ವಾಡಿಗೆ ಹೋದಾಗಲೂ ಒಂದೇ ಮಷೀನಿಗೆ ಹಾಕಿ ಬಂದವಳು ನಾನು. ವೃಂದಾ ಅವರು ತಮಗೆ ಬೇಕಾದ ಮಷೀನು ಎಲ್ಲಿತ್ತೋ ಅಲ್ಲಿಗೆ ಹೋಗಿದ್ದಾರೆ, ಅವರದು ಯಾವ ತಪ್ಪೂ ಇಲ್ಲ. ಕೆಳಗೆ ಸಹಿ ಮಾಡಿದೆ.

ಅಶೋಕಕುಮಾರರು ಎರಡು ಸಲ ಓದಿದರು. “ನಿಮ್ಮ ಕಾಂಟ್ರಾಕ್ಟ್ ಸಪ್ಟೆಂಬರದಾಗ ಮುಗೀತದ. ಈ ಕಾಗದ ಫೈಲಿನಾಗೇ ಇರ್ತದ ನೋಡ್ರಿ.”

ಗೊತ್ತಿದೆ ಸರ್, ಹೆದರಿಕೆಯೂ ಆಗುತ್ತಿದೆ ಅಂದೆ. ಖರೆಯೇ ಆಗುತ್ತಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಇಪ್ಪತ್ತೇ ನಿಮಿಷದಾಗ ಮುಗೀಬೇಕಂತ ಕಲಬುರ್ಗಿಯಿಂದ ಯಾರು ಹೇಳಿದ್ರು ಸರ್?”

ಅವರು ಚಷ್ಮಾ ತೆಗೆದು ಟೇಬಲ್ ಮೇಲಿಟ್ಟರು. ಕೆಳಗಿನ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿಯುವ ಸದ್ದು ಕೇಳಿಸುತ್ತಿತ್ತು.

“ಯಾರೂ ಹೇಳಿದ್ದಿಲ್ಲ,” ಅಂದರು. “ನಾಳೆ ಯಾರರ ಕೇಳಿದ್ರ ಹೇಳಾಕ ಬರ್ತದಂತ ನಾನೇ ಅಂದಿದ್ದೆ.”

ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೆಂಟು ವರ್ಷ ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಹೊಂದಿಸುತ್ತ ಕೂತು ಅವರೂ ದಣಿದಿದ್ದರು. ಟೈಪ್ ಮಾಡಿದ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ನನ್ನ ಹಾಳೆಯನ್ನು ಎಳೆದುಕೊಂಡು ನನ್ನ ಸಹಿಯ ಕೆಳಗೆ, ಸಮಯದ ಮಿತಿ ಹಾಕಿದ್ದು ನಾನು ಎಂದು ಒಂದೇ ಸಾಲು ಬರೆದು ಸಹಿ ಮಾಡಿದರು. ಅವತ್ತೇ ಮಧ್ಯಾಹ್ನ ಅದನ್ನು ಕಲಬುರಗಿಗೆ ಕಳಿಸಿದರು.

ಆ ಸಂಜೆ ಫೈಲ್ ತೆಗೆದು ಕೊನೆಯ ಸಾಲಿಗೆ ‘ಹೌದು’ ಎಂದು ಬರೆದೆ, ಆ ಟಿಕ್ಕನ್ನು ಯಾರೂ ತೆಗೆಯಲು ಬಾರದಂತೆಯೂ ಮಾಡಿದೆ. ಹೊಸ ಪೆನ್‌ಡ್ರೈವ್‌ಗಳನ್ನು ಈ ಸಲ ಕಳಿಸಲಿಲ್ಲ, ನಾನೇ ಹೊತ್ತುಕೊಂಡು ಹೊರಟೆ. ಮೊದಲು ವಾಡಿ, ಆಮೇಲೆ ಚಿತ್ತಾಪುರ, ಆಮೇಲೆ ಉಳಿದವು. ಸೊಂಟ ಹಿಡಿದುಕೊಂಡಿತು. ಬೈದುಕೊಳ್ಳುತ್ತಲೇ ತಿರುಗಿದೆ, ಬೈಯಲು ನನ್ನ ಹೊರತು ಯಾರೂ ಇರಲಿಲ್ಲ.

ಹದಿಮೂರನೇ ದಿನ ಬೆಳಿಗ್ಗೆ ಶಹಾಬಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ವೃಂದಾ ಟೀಚರ್ ಫೋನ್ ಮಾಡಿದರು. ರಿಸಲ್ಟ್ ಬಂದಿದೆ, ಪಾಸಾಗಿದ್ದೇನೆ ಅಂದರು. ನನಗೆ ಜೀವ ಬಂದಂತಾಯಿತು. ಯಾರು ನೋಡಿ ಹೇಳಿದರು, ನಂದಕಿಶೋರ್ ಮಾಸ್ತರೇ ಎಂದು ಕೇಳಿದೆ.

“ಯಾರೂ ಹೇಳಿಲ್ರಿ. ಲ್ಯಾಬಿನಾಗ ನಾ ಒಬ್ಬಾಕಿನೇ ಅದೀನಿ,” ಅಂದರು. “ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ., ಬಿ.ಎಡ್., ನನ್ನ ಎಲ್ಲಾ ರಿಸಲ್ಟೂ ಮೊದ್ಲ ಬ್ಯಾರೆಯವ್ರು ನೋಡ್ಯಾರ, ಆಮ್ಯಾಲ ನನಗ ಹೇಳ್ಯಾರ. ಇದೊಂದು ಮಷೀನ್ ಓದಿದ್ದು ನಾನೇ ಮೊದ್ಲ ಕೇಳ್ದೆ ರಿ ಮೇಡಂ. ಮನಿಯಾಗ ಇನ್ನಾ ಯಾರಿಗೂ ಗೊತ್ತಿಲ್ಲ. ಈಗ ನಾ ಹೋಗಿ ಅವ್ರಿಗೆ ಹೇಳ್ತೀನಿ.”

ಆಯ್ತು ಟೀಚರ್ ಎಂದಷ್ಟೇ ಹೇಳಲು ಬಂತು. ಫೋನ್ ಇಟ್ಟು, ಪೆನ್‌ಡ್ರೈವಿನ ಚೀಲ ತೊಡೆಯ ಮೇಲಿಟ್ಟುಕೊಂಡು, ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತೆ. ನನ್ನ ಬಸ್ಸು ಬಂದು ಹೋಯಿತು.