ದೂರದ್ದು ಮೊದಲು

“ಈ ಸಲ ಹತ್ತಿರದ್ದರಿಂದ್ಲೇ ಶುರು ಮಾಡೋಣ ಕಣೇ,” ಎಂದರು ಅತ್ತಿಗೆ, ಗೇಟಿನಲ್ಲಿ ಟಿಕೆಟು ತೋರಿಸಿ ಒಳಗೆ ಕಾಲಿಡುತ್ತಿದ್ದ ಹಾಗೆ.

ನಾದಿನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ದೂರದ್ದು ಮೊದಲು ಎನ್ನುವುದು ಅತ್ತಿಗೆಯ ಆಜ್ಞೆಗಳಲ್ಲೆಲ್ಲ ಮೊದಲನೆಯದು. ಎರಡು ವರ್ಷಕ್ಕೊಮ್ಮೆ ಈ ಹಳೆಯ ಬಂದರಿನ ಗೋದಾಮುಗಳಲ್ಲಿ ದೇಶವಿದೇಶದ ಕಲಾವಿದರ ದೊಡ್ಡ ಪ್ರದರ್ಶನ ನಡೆಯುತ್ತದೆ. ಬಂದವರೆಲ್ಲ ಗೇಟಿನ ಪಕ್ಕದ ಮೊದಲ ಗೋದಾಮಿಗೆ ನುಗ್ಗುತ್ತಾರೆ. ಕಾಲು, ಕಣ್ಣು, ತಾಳ್ಮೆ ಮೂರನ್ನೂ ಅಲ್ಲೇ ಖರ್ಚು ಮಾಡಿಕೊಂಡು, ಕೊನೆಯ ಗೋದಾಮು ಮುಟ್ಟುವಷ್ಟರಲ್ಲಿ ಎಲ್ಲಾದರೂ ಕೂತರೆ ಸಾಕಪ್ಪಾ ಎನ್ನುವಂತಾಗಿರುತ್ತಾರೆ. ಅತ್ತಿಗೆ ಮಾತ್ರ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಅಕ್ಕಪಕ್ಕ ನೋಡದೆ ಸರಸರ ನಡೆದು, ನೀರಿನಂಚಿನ ಕೊನೆಯ ಗೋದಾಮಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ನೋಡುತ್ತ ಬರುವವರು.

ಅತ್ತಿಗೆ ಭೂಗೋಳದ ಟೀಚರಾಗಿದ್ದವರು. ನಿವೃತ್ತಿಯಾದ ಮೇಲೂ ಪ್ರದರ್ಶನದ ವರ್ಷ ಬಂತೆಂದರೆ ಅಕ್ಕಪಕ್ಕದ ಮನೆಯವರು ಸಲಹೆ ಕೇಳಲು ಬರುತ್ತಿದ್ದರು. “ಹೊಸ ಚಪ್ಪಲಿ, ಹೊಸ ಶೂ ಮಾತ್ರ ಬೇಡ. ಕಲಾಕೃತಿನ ಮೊದಲು ಕಣ್ಣಲ್ಲಿ ನೋಡಿ, ಆಮೇಲೆ ಗೋಡೆ ಮೇಲಿನ ಬರಹ ಓದಿ. ಹಸಿವಾಗೋಕೆ ಮುಂಚೆ ತಿಂದ್ಬಿಡಿ, ಹಸಿವಾದ ಮೇಲೆ ಹೋದ್ರೆ ಕ್ಯೂ ಸಿಗುತ್ತೆ, ಊಟ ಸಿಗಲ್ಲ.” ಇದನ್ನೆಲ್ಲ ಕೇಳಿ ಕೇಳಿ ಅಣ್ಣನಿಗೆ ಬಾಯಿಪಾಠವಾಗಿತ್ತು. ಅವನು ಹೋಗಿದ್ದು ಒಂದೇ ಸಲ. ಕತ್ತಲ ಕೋಣೆಯಲ್ಲಿ ತೋರಿಸುತ್ತಿದ್ದ ವಿಡಿಯೋದ ಮುಂದೆ ಸುಖವಾಗಿ ನಿದ್ದೆ ಮಾಡಿ ಬಂದು, ಇಡೀ ಪ್ರದರ್ಶನದಲ್ಲಿ ಅದೇ ಬಹಳ ಚೆನ್ನಾಗಿತ್ತು ಎಂದು ಇವತ್ತಿಗೂ ಹೇಳುತ್ತಾನೆ.

ಹಾಗಾಗಿ ಜೊತೆಗೆ ಬರುವವಳು ಯಾವಾಗಲೂ ನಾದಿನಿಯೇ. ಅತ್ತಿಗೆ ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಎರಡು ಜಡೆಯ ಹುಡುಗಿ. ಕೈಹಿಡಿದು ಮೊದಲ ಸಲ ಇಲ್ಲಿಗೆ ಕರೆತಂದವರು ಅತ್ತಿಗೆ. ಆ ಸಲ ಒಬ್ಬ ಕಲಾವಿದೆ, ಕೆಡವಿದ ಮನೆಗಳ ಬಾಗಿಲ ಹಿಡಿಕೆಗಳನ್ನು ತಂದು ಬಿಳಿಯ ಗೋಡೆಯ ಉದ್ದಕ್ಕೂ ಜೋಡಿಸಿದ್ದಳು. ಎಷ್ಟೋ ಕೈಗಳು ಹಿಡಿದು ಹಿಡಿದು ಹೊಳಪೇರಿದ ಹಿತ್ತಾಳೆ, ಮರ, ಕಬ್ಬಿಣ. ಅತ್ತಿಗೆ ಮಧ್ಯಾಹ್ನವಿಡೀ ಅದರ ಮುಂದೆ ನಿಂತಿದ್ದರು. ಅದೇ ಕಲಾವಿದೆ ಈಗ ಬಹಳ ಮುದುಕಿ. ಇನ್ನು ಇಂಥ ದೊಡ್ಡ ಕೆಲಸ ಮಾಡಲಾರೆ, ಇದೇ ಕೊನೆಯದು ಎಂದು ಹೇಳಿ ಈ ಸಲ ಒಂದನ್ನು ಕಳಿಸಿದ್ದಳು. ಆ ಸುದ್ದಿಯನ್ನು ಅತ್ತಿಗೆ ಪೇಪರಿನಿಂದ ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದರು. ಆ ಕಲಾಕೃತಿಯನ್ನು ಇಟ್ಟಿದ್ದು ಕೊನೆಯ ಗೋದಾಮಿನಲ್ಲಿ.

ಮತ್ತೆ ಹತ್ತಿರದ್ದರಿಂದ ಶುರು ಮಾಡುವುದು ಎಂದರೇನು?

ಏನೆಂದು ನಾದಿನಿಗೆ ಗೊತ್ತಿತ್ತು. ಡಾಕ್ಟರು ಕೊಡಿಸಿದ್ದ ಊರುಗೋಲನ್ನು ಅತ್ತಿಗೆ ಮನೆಯಲ್ಲೇ ಕೊಡೆಗಳ ನಡುವೆ ಸಿಕ್ಕಿಸಿಟ್ಟಿದ್ದರು. “ಕೋಲು ಹಿಡಿಯೋಕೆ ನಾನೇನು ಕುರಿ ಕಾಯೋಕೆ ಹೋಗ್ತೀನಾ?” ಎಂದು ಅಣ್ಣನ ಬಾಯಿ ಮುಚ್ಚಿಸಿದ್ದರು. ಮೊಣಕಾಲಿನ ಸುದ್ದಿ ಎತ್ತುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಗೋದಾಮಿನಲ್ಲಿ ಒಬ್ಬ ಯುವಕ ಕಪ್ಪು ಕಲ್ಲಿನ ನೆಲದ ಮೇಲೆ ಮಂಡಿಯೂರಿ, ಬರೀ ನೀರಿನಲ್ಲಿ ಕುಂಚ ಅದ್ದಿ ಒಂದು ಮುಖ ಬರೆಯುತ್ತಿದ್ದ. ಗಲ್ಲ ಬರೆಯುವಷ್ಟರಲ್ಲಿ ಹಣೆ ಆರಿಹೋಗುತ್ತಿತ್ತು. ಅವನು ಬೇಸರವಿಲ್ಲದೆ ಮತ್ತೆ ಹಣೆಗೆ ಹೋಗುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಮುಖ ಒಮ್ಮೆ ಪೂರ್ತಿಯಾಗಲಿ ಎಂದು ಎಲ್ಲರಿಗೂ ಆಸೆ.

“ಎಂಥಾ ಕೆಲಸ ನೋಡೇ,” ಎಂದರು ಅತ್ತಿಗೆ. ಆ ಮಾತು ಮನಸ್ಸಿನಿಂದ ಬಂದಿತ್ತು. ಆದರೆ ಅವರು ಕಂಬಕ್ಕೆ ಒರಗಿ ನಿಂತಿದ್ದರು. ಅದರ ಮುಂದಿನ ಕಲಾಕೃತಿಯನ್ನೂ ಕಂಬಕ್ಕೆ ಒರಗಿಯೇ ನೋಡಿದರು. ಮೂರನೆಯದಕ್ಕೆ ಹತ್ತಿರದಲ್ಲಿ ಕಂಬವಿರಲಿಲ್ಲ. ಅದು ಅಷ್ಟೇನೂ ಚೆನ್ನಾಗಿಲ್ಲ ಎಂದುಬಿಟ್ಟರು.

ನಾದಿನಿಯದು ಕನ್ನಡಕದ ಅಂಗಡಿ. ದೃಷ್ಟಿ ಮಂದವಾದದ್ದನ್ನು ಒಪ್ಪದ ಗಿರಾಕಿಗಳನ್ನು ಅವಳು ದಿನವೂ ನೋಡುತ್ತಾಳೆ. ಅಕ್ಷರದ ಬೋರ್ಡಿನ ಕೊನೆಯ ಸಾಲನ್ನು ಹಿಂದಿನವರು ಓದುವಾಗಲೇ ಕೇಳಿಸಿಕೊಂಡು, ಬಾಯಿಪಾಠ ಒಪ್ಪಿಸುವವರೂ ಇದ್ದಾರೆ. ನಿಮಗೆ ಕಾಣುತ್ತಿಲ್ಲ ಎಂದರೆ ಅಂಥವರು ಎದ್ದು ಹೋಗಿಬಿಡುತ್ತಾರೆ. ಬೋರ್ಡಿನ ದೀಪ ಯಾಕೋ ಮಂಕಾಗಿದೆ, ಸ್ವಲ್ಪ ಈ ಗಾಜು ಹಾಕಿ ನೋಡ್ತೀರಾ ಎಂದರೆ ಕೂರುತ್ತಾರೆ. ತಪ್ಪು ದೀಪದ ಮೇಲೆ ಹೋಗಬೇಕು, ಅಷ್ಟೆ.

ಬ್ಯಾಗು ಒಪ್ಪಿಸುವ ಕೌಂಟರಿನ ಪಕ್ಕ ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಾದಿನಿ ಅಲ್ಲಿಗೆ ಹೋಗಿ ಒಂದನ್ನು ಕೇಳಿದಳು.

“ಯಾರಿಗೆ?” ಹಿಂದಿನಿಂದ ಅತ್ತಿಗೆಯ ದನಿ ಬಂತು. ತರಗತಿಯ ಕೊನೆಯ ಬೆಂಚು ನಡುಗುತ್ತಿದ್ದ ದನಿ ಅದು.

“ನಂಗೇ ಅತ್ತಿಗೆ. ಬೈಬೇಡಿ. ಹೊಸ ಶೂ ಹಾಕ್ಕೊಂಡು ಬಂದ್ಬಿಟ್ಟೆ. ಹಿಮ್ಮಡಿ ಕಿತ್ತು ಹೋಗಿದೆ, ಒಂದು ಹೆಜ್ಜೆ ಇಡೋಕಾಗ್ತಿಲ್ಲ.”

ಅತ್ತಿಗೆಯ ಮುಖ ಅರಳಿತು. ಬೈಯಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕಿ ಬಹಳ ಕಾಲವಾಗಿತ್ತು. “ಬಂದೋರಿಗೆಲ್ಲ ಬಾಯಿ ಬಡ್ಕೊಂಡು ಹೇಳ್ತೀನಿ. ಮನೆಯೋಳಿಗೇ ಕಿವಿ ಇಲ್ಲ! ಕೂತ್ಕೋ, ಕೂತ್ಕೋ. ನಾನು ತಳ್ತೀನಿ.”

ಕೌಂಟರಿನ ಹೆಂಗಸು ನಾದಿನಿಯ ಹಳೆಯ ಶೂಗಳನ್ನು ನೋಡಿದಳು, ಅತ್ತಿಗೆಯ ಕಾಲನ್ನು ನೋಡಿದಳು, ಕುರ್ಚಿಯ ಬ್ರೇಕು ಬಿಡಿಸಿಕೊಟ್ಟಳು.

“ಎಲ್ಲಿಗೆ ಅತ್ತಿಗೆ?”

“ಎಲ್ಲಿಗೆ ಅಂದ್ರೆ? ದೂರದ್ದು ಮೊದಲು!”

ಎರಡೂ ಹಿಡಿಗಳ ಮೇಲೆ ಮೈಭಾರ ಬಿಟ್ಟು ಅತ್ತಿಗೆ ಹೊರಟರು. ನಾದಿನಿ ಅಂದುಕೊಂಡದ್ದೂ ಅದೇ. ಕುರ್ಚಿಯನ್ನು ತಳ್ಳುವವರಿಗೆ ಕುರ್ಚಿಯೇ ಊರುಗೋಲು. ಗೋದಾಮುಗಳ ನಡುವೆ ಕಲ್ಲು ಹಾಸಿದ ದಾರಿ, ತುಕ್ಕು ಹಿಡಿದ ಕ್ರೇನುಗಳು, ನೀರಿನ ಕಡೆಯಿಂದ ಬೀಸುವ ಗಾಳಿ. ಎದುರಿಗೆ ಬಂದವರು ದಾರಿ ಬಿಟ್ಟು ಅತ್ತಿಗೆಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಟೋಪಿ ಹಾಕಿದ ಒಬ್ಬರು ನಿಂತು, “ನಾನು ತಳ್ಳಲಾ ಅಮ್ಮಾ?” ಎಂದರು.

“ಬೇಡಪ್ಪಾ. ನಮ್ಮ ಹುಡುಗಿ, ನಾನೇ ನೋಡ್ಕೋತೀನಿ,” ಎಂದರು ಅತ್ತಿಗೆ. ಐವತ್ತು ದಾಟಿದ ಹುಡುಗಿ ತಲೆತಗ್ಗಿಸಿ ನಗು ತಡೆದುಕೊಂಡಳು.

ಆದರೆ ಕೊನೆಯ ಗೋದಾಮಿಗೆ ಮುಂಚೆ ಒಂದು ಏರು ಇತ್ತು. ಅದನ್ನು ನಾದಿನಿ ಮರೆತೇಬಿಟ್ಟಿದ್ದಳು. ಏರಿನ ನಡುವೆ ಕುರ್ಚಿ ನಿಂತಿತು. ಹಿಂದಿನಿಂದ ಅತ್ತಿಗೆಯ ಉಸಿರು ಕೇಳಿಸುತ್ತಿತ್ತು, ಗಟ್ಟಿಯಾಗಿ, ಒಡೆದೊಡೆದು. ತಿರುಗಿ ನೋಡುವ ಹಾಗಿಲ್ಲ. ಎದ್ದರೆ ನಾಟಕ ಬಯಲಾಗಿ, ಅತ್ತಿಗೆ ಇಲ್ಲಿಂದಲೇ ವಾಪಸು ಹೊರಡುವುದು ಖಂಡಿತ. ಕೂತೇ ಇದ್ದರೆ ಆ ಮೊಣಕಾಲಿನ ಗತಿ? ಎಂಥ ದಡ್ಡಿ ನಾನು, ಜಾಣತನ ತೋರಿಸಲು ಹೋಗಿ ಅವರ ನೋವಿಗೆ ನನ್ನ ಭಾರವನ್ನೂ ಹೊರಿಸಿದೆನಲ್ಲ ಎಂದು ನಾದಿನಿಗೆ ಅಳು ಬಂತು. ಮೆಲ್ಲಗೆ ಕಾಲನ್ನು ಪಾದದ ಹಲಗೆಯಿಂದ ಕೆಳಗಿಳಿಸಿ, ಹಿಮ್ಮಡಿಯನ್ನು ಕಲ್ಲಿಗೆ ಊರಿ, ನೆಲವನ್ನು ಹಿಂದಕ್ಕೆ ಒತ್ತತೊಡಗಿದಳು. ಕುರ್ಚಿ ಅಲುಗಿತು. ಅತ್ತಿಗೆ ತಳ್ಳಿದರು, ಅವಳು ಒತ್ತಿದಳು. ಹಾಗೇ ಇಬ್ಬರೂ ಏರು ಹತ್ತಿದರು.

ಗೋದಾಮಿನ ಒಳಗೆ ತಣ್ಣಗಿತ್ತು. ಅತ್ತಿಗೆ ಕುರ್ಚಿ ನಿಲ್ಲಿಸಿದರು.

ನೆಲದಿಂದ ಚಾವಣಿಯವರೆಗೆ ಒಂದು ಮೆಟ್ಟಿಲ ಸಾಲು ಗಾಳಿಯಲ್ಲಿ ನಿಂತಿತ್ತು. ಪಕ್ಕಕ್ಕೆ ಗೋಡೆಯಿಲ್ಲ, ಕೆಳಗೆ ಆಧಾರವಿಲ್ಲ. ಹಳೆಯ ಮನೆಗಳಿಂದ ಕಿತ್ತು ತಂದ ಮರದ ಮೆಟ್ಟಿಲುಗಳು, ಒಂದೊಂದೂ ಒಂದೊಂದು ಮನೆಯದು, ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳಲ್ಲಿ ತೂಗುತ್ತಿದ್ದವು. ಪ್ರತಿ ಮೆಟ್ಟಿಲ ನಡುವೆಯೂ ಹೆಜ್ಜೆ ಬಿದ್ದು ಬಿದ್ದು ಸವೆದ ತಗ್ಗು. ಮೇಲಿನ ಗಾಜಿನಿಂದ ಇಳಿದ ಬೆಳಕು ಆ ತಗ್ಗುಗಳಲ್ಲೆಲ್ಲ ನಿಂತಿತ್ತು. ಯಾರೋ ಈಗಷ್ಟೇ ಹತ್ತಿ ಹೋದ ಹಾಗಿತ್ತು. ನಾದಿನಿಗೆ ಮೈ ಜುಮ್ಮೆಂದಿತು. ಇಷ್ಟು ಚೆಂದದ್ದನ್ನು ಅವಳು ಈ ಬಂದರಿನಲ್ಲಿ ಯಾವತ್ತೂ ನೋಡಿರಲಿಲ್ಲ.

ಅತ್ತಿಗೆ ಗೋಡೆಯ ಬರಹದ ಕಡೆ ತಿರುಗಲಿಲ್ಲ. ಕುರ್ಚಿಯ ಹಿಡಿ ಬಿಡದೆ ಬಹಳ ಹೊತ್ತು ನಿಂತು, ಕೆಳಗಿನಿಂದ ಒಂದೊಂದೇ ಮೆಟ್ಟಿಲು ನೋಡುತ್ತ ಹೋದರು.

“ಅಲ್ಲಿ ನೋಡೇ,” ಎಂದರು. “ಅದೊಂದು ಒಂದೇ ಪಕ್ಕ ಸವೆದಿದೆ.”

ಹೌದು. ಒಂದು ಮೆಟ್ಟಿಲ ತಗ್ಗು ನಡುವೆ ಇರಲಿಲ್ಲ, ಬಲ ತುದಿಗೆ ಸರಿದಿತ್ತು.

“ಯಾರೋ ಕಾಲು ಬಾರದೋರು. ಪಕ್ಕದ ಕಂಬಿ ಹಿಡ್ಕೊಂಡೇ ಹತ್ತಿದಾರೆ. ಮರ ಇಷ್ಟು ಸವೀಬೇಕಾದ್ರೆ ಎಷ್ಟು ವರ್ಷ ಹತ್ತಿರಬೇಕು ಹೇಳು.” ಅತ್ತಿಗೆಯ ದನಿ ಒದ್ದೆಯಾಗಿತ್ತು. “ಆ ಕಲಾವಿದೆ ಅದನ್ನೂ ತಂದು ತೂಗುಹಾಕಿದಾಳೆ ನೋಡು. ಎಲ್ಲದರ ಜೊತೆಗೇ.”

ನಾದಿನಿ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ಆ ಮೆಟ್ಟಿಲನ್ನು ನೋಡಿದಳು.

“ಸರಿ, ಏಳೇ ಇನ್ನು,” ಎಂದರು ಅತ್ತಿಗೆ.

“ಅತ್ತಿಗೆ, ನನ್ನ ಹಿಮ್ಮಡಿ...”

“ಆ ಶೂ ಹೋದ ಸಲಾನೂ ಹಾಕ್ಕೊಂಡು ಬಂದಿದ್ದೆ. ಏಳು.”

ನಾದಿನಿ ಕಳ್ಳಿಯ ಹಾಗೆ ಎದ್ದು ನಿಂತಳು. ಅತ್ತಿಗೆ ಸೆರಗು ಸರಿಮಾಡಿಕೊಂಡರು, ಕುರ್ಚಿಯ ತೋಳು ಹಿಡಿದು ಮೆಲ್ಲಗೆ ತಿರುಗಿದರು, ಕೂತರು. ಕೂತು ಕಾಲು ಚಾಚಿ ಒಂದು ಉಸಿರು ಬಿಟ್ಟರು. ಆಮೇಲೆ ಕತ್ತು ಹಿಂದಕ್ಕೆ ವಾಲಿಸಿ ಮೇಲೆ ನೋಡಿದರು.

“ತುದಿ ಕಾಣಿಸ್ತಿಲ್ಲ. ಸ್ವಲ್ಪ ಹಿಂದಕ್ಕೆ ಎಳಿ.”

ನಾದಿನಿ ಹಿಡಿಗಳನ್ನು ಹಿಡಿದಳು. ಅವು ಇನ್ನೂ ಬೆಚ್ಚಗಿದ್ದವು. ಒಂದು ಹೆಜ್ಜೆ ಹಿಂದಕ್ಕೆ ಎಳೆದಳು.

“ಇನ್ನೂ ಸ್ವಲ್ಪ,” ಎಂದರು ಅತ್ತಿಗೆ.